ಸಚಿವೆಯ ಬ್ಯಾಗಿನಲ್ಲಿ ಚಮಚ

ಮಾರ್ಸಲೀನ್ ಲೋರಿದಾನ್ ಅಂತ ಒಬ್ಬರು ಫ್ರೆಂಚ್ ಸಿನಿಮಾ ನಿರ್ದೇಶಕಿ ಇದ್ದರು. ತಮ್ಮ ನೆನಪುಗಳನ್ನು ಬರೆಯುವಾಗ ಗೆಳತಿಯೊಬ್ಬಳ ಬಗ್ಗೆ ಒಂದು ಚಿಕ್ಕ ವಿಷಯ ಹೇಳಿದ್ದಾರೆ. ಈ ಗೆಳತಿ ಕೆಫೆಗೋ ಹೋಟೆಲಿಗೋ ಹೋದಾಗ ಮೇಜಿನ ಮೇಲಿರುವ ಪುಟ್ಟ ಚಮಚಗಳನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರಂತೆ. ಬೆಳ್ಳಿ ಚಮಚವಲ್ಲ. ನಾಲ್ಕು ಕಾಸಿಗೂ ಬಾಳದ ಅಗ್ಗದ ಚಮಚ.

ಆ ಗೆಳತಿ ಫ್ರಾನ್ಸಿನ ಆರೋಗ್ಯ ಸಚಿವೆಯಾಗಿದ್ದವರು. ಯುರೋಪಿಯನ್ ಪಾರ್ಲಿಮೆಂಟಿನ ಅಧ್ಯಕ್ಷೆಯಾಗಿದ್ದವರು. ಇಡೀ ದೇಶ ಎದ್ದು ನಿಂತು ಗೌರವಿಸುತ್ತಿದ್ದ ಹೆಂಗಸು. ಹೆಸರು ಸಿಮೋನ್ ವೇಯ್.

ಚಮಚ ಯಾಕೆ ಅಂತ ಮಾರ್ಸಲೀನ್ ಅವರಿಗೆ ಕೇಳಬೇಕಾಗಿರಲಿಲ್ಲ. ಇಬ್ಬರೂ ಹುಡುಗಿಯರಾಗಿದ್ದಾಗ ನಾಜಿಗಳ ಬಿರ್ಕೆನೌ ಸೆರೆ ಶಿಬಿರದಲ್ಲಿದ್ದವರು. ಅಲ್ಲಿ ಕೊಡುತ್ತಿದ್ದ ಕೊಳಕು ಸೂಪಿಗೆ ಚಮಚ ಇರುತ್ತಿರಲಿಲ್ಲ. ಬಟ್ಟಲಿಗೆ ಬಾಯಿ ಹಾಕಿ ನಾಯಿಯಂತೆ ನೆಕ್ಕಬೇಕಿತ್ತು. ಅಲ್ಲಿ ಚಮಚ ಬೇಕಿದ್ದರೆ ನಿನ್ನ ಪಾಲಿನ ರೊಟ್ಟಿ ಕೊಟ್ಟು ಕೊಳ್ಳಬೇಕು. ಅದೆಲ್ಲ ಮುಗಿದು ಐವತ್ತು ವರ್ಷ ಕಳೆದ ಮೇಲೂ ಕೈ ತಾನಾಗಿಯೇ ಚಮಚದ ಕಡೆ ಹೋಗುತ್ತಿತ್ತು.

ನಾವು ಕೈಯಲ್ಲಿ ಕಲಸಿ ತಿನ್ನುವ ಜನ. ಚಮಚ ಇಲ್ಲದಿದ್ದರೆ ಏನಾಯ್ತು ಅಂತ ನನಗೂ ಮೊದಲು ಅನ್ನಿಸಿತ್ತು. ಆಮೇಲೆ ಸುಮ್ನೆ ಯೋಚಿಸಿ ನೋಡಿದೆ. ತೊಳೆಯಲು ನೀರಿಲ್ಲದ ಕೈ, ಬರೀ ನೀರಿನಂಥ ಸೂಪು, ಹಿಂದೆ ನಿಂತು ಬೇಗ ಬೇಗ ಅಂತ ಕಿರುಚುವವರು. ಕೈಯಿಂದ ಆಗುವ ಕೆಲಸವಲ್ಲ ಅದು.

ಕೆಲಸದ ಮೇಲೆ ಎರಡು ವರ್ಷ ಪ್ಯಾರಿಸ್ಸಿನಲ್ಲಿದ್ದೆ. ಮೆಟ್ರೋ 3ನೇ ಲೈನಿನಲ್ಲಿ ಓಡಾಟ. ಅಲ್ಲಿ 'ಯುರೋಪ್' ಅನ್ನುವ ಸ್ಟೇಷನ್ನಿಗೆ 2018ರಲ್ಲಿ 'ಯುರೋಪ್ – ಸಿಮೋನ್ ವೇಯ್' ಅಂತ ಹೆಸರಿಟ್ಟಿದ್ದಾರೆ. ದಿನಾ ಆ ಹೆಸರು ಕಿವಿಗೆ ಬೀಳುತ್ತಿತ್ತು. ನಾನು ಮಾತ್ರ ಬಹಳ ದಿನ ಅದನ್ನು ಅದೇ ಹೆಸರಿನ ತತ್ವಜ್ಞಾನಿ ಅಂದುಕೊಂಡಿದ್ದೆ. ಉಚ್ಚಾರಣೆ ಒಂದೇ, ಬರೆಯುವಾಗ ಒಂದಕ್ಷರ ವ್ಯತ್ಯಾಸ. ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನು ಹೇಳಿದಾಗ ಎದುರಿಗಿದ್ದ ಸಹೋದ್ಯೋಗಿ ಫೋರ್ಕ್ ಕೆಳಗಿಟ್ಟು ನನ್ನನ್ನೇ ನೋಡಿದಳು. ನಮ್ಮೂರಿಗೆ ಬಂದವರು ಶಿವರಾಮ ಕಾರಂತರನ್ನೂ ಬಿ.ವಿ. ಕಾರಂತರನ್ನೂ ಒಬ್ಬರೇ ಅಂದುಕೊಂಡರೆ ನಾವು ಹೇಗೆ ನೋಡುತ್ತೀವೋ ಹಾಗೆ. ನಾಚಿಕೆಯಾಗಿ ಓದಲು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ಶಿಬಿರದ ಕತೆಗಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಪಸು ಬಂದ ಮೇಲಿನ ಕತೆ.

ನಮಗೆಲ್ಲ ಆನ್ ಫ್ರಾಂಕ್ ಗೊತ್ತು. ಶಾಲೆಯಲ್ಲೇ ಅವಳ ಹೆಸರು ಕೇಳಿರುತ್ತೇವೆ. ಅವಳು ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ 1945ರ ಆರಂಭದಲ್ಲಿ ಸತ್ತಳು. ಅದೇ ತಿಂಗಳುಗಳಲ್ಲಿ, ಅದೇ ಶಿಬಿರದಲ್ಲಿ, ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಸಿಮೋನ್ ಕೂಡ ಇದ್ದಳು. ಸಿಮೋನ್ ಸಾಯಲಿಲ್ಲ. ಸತ್ತ ಹುಡುಗಿಯ ಡೈರಿಯನ್ನು ಜಗತ್ತು ಕಣ್ಣೀರಿಟ್ಟು ಓದಿತು. ಬದುಕಿ ಬಂದ ಹುಡುಗಿ ಬಾಯಿ ತೆರೆದಾಗ ಏನಾಯ್ತು?

ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಸಿಮೋನ್ ಜಾಕೋಬ್ ಹುಟ್ಟಿದ್ದು 1927ರ ಜುಲೈ 13ರಂದು, ದಕ್ಷಿಣ ಫ್ರಾನ್ಸಿನ ಸಮುದ್ರ ತೀರದ ನೀಸ್ ಊರಿನಲ್ಲಿ. ತಂದೆ ಆಂದ್ರೇ, ಆರ್ಕಿಟೆಕ್ಟ್. ತಾಯಿ ಇವೊನ್. ನಾಲ್ಕು ಮಕ್ಕಳಲ್ಲಿ ಸಿಮೋನ್ ಕೊನೆಯವಳು. ದೊಡ್ಡಕ್ಕ ಮಡ್ಲೆನ್, ಮನೆಯಲ್ಲಿ ಕರೆಯುತ್ತಿದ್ದದ್ದು ಮಿಲು ಅಂತ. ಆಮೇಲೆ ಡನೀಸ್, ಆಮೇಲೆ ಅಣ್ಣ ಝಾನ್. ಮನೆಯಲ್ಲಿ ಪೂಜೆ ಪ್ರಾರ್ಥನೆ ಏನೂ ಇರಲಿಲ್ಲ. ಯಹೂದಿ ಅನ್ನುವುದು ಅವರ ಪಾಲಿಗೆ ಪುಸ್ತಕ, ಓದು, ಮನೆತನ. ಅಷ್ಟೇ. ತಾಯಿ ಕೆಮಿಸ್ಟ್ರಿ ಓದುತ್ತಿದ್ದವರು. ಮದುವೆಯಾದ ಮೇಲೆ ಗಂಡನ ಮಾತಿಗೆ ಕಟ್ಟುಬಿದ್ದು ಬಿಟ್ಟರು. ಆ ಬೇಸರವನ್ನು ಹೆಣ್ಣುಮಕ್ಕಳಿಗೆ ಒಂದೇ ಪಾಠವಾಗಿ ಹೇಳುತ್ತಿದ್ದರು: ಓದಿ, ಕೆಲಸ ಹಿಡಿಯಿರಿ, ನಿಮ್ಮ ಕಾಲ ಮೇಲೆ ನಿಲ್ಲಿ. ನಮ್ಮ ಅಮ್ಮಂದಿರು ಹೇಳಿದ ಹಾಗೇ ಇದೆ, ಅಲ್ವಾ?

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ವಿಶಿ ಊರಿನಲ್ಲಿ ಕೂತ ಮಾರ್ಷಲ್ ಪೆತಾನ್ ಸರ್ಕಾರ ಅದೇ ಅಕ್ಟೋಬರಿನಲ್ಲಿ ಯಹೂದಿಗಳ ವಿರುದ್ಧ ಮೊದಲ ಕಾನೂನು ತಂದಿತು. ಜರ್ಮನರು ಕತ್ತಿ ಹಿಡಿದು ಬರೆಸಿದ್ದಲ್ಲ, ಫ್ರೆಂಚರೇ ಕೂತು ಬರೆದದ್ದು. ಒಂದಾದ ಮೇಲೊಂದು ಆದೇಶ ಬಂತು. ಆಂದ್ರೇ ಅವರ ಕೆಲಸ ಹೋಯಿತು. ಯಹೂದಿಗಳೆಲ್ಲ ಬಂದು ಹೆಸರು ಬರೆಸಬೇಕು ಅಂತ 1941ರಲ್ಲಿ ಆದೇಶವಾದಾಗ ಜಾಕೋಬ್ ಕುಟುಂಬವೂ ಬರೆಸಿತು. ಈ ಮನುಷ್ಯ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಸೆರೆಯಾಗಿದ್ದವರು. ತನ್ನ ದೇಶ ತನಗೆ ಏನು ಮಾಡೀತು ಅನ್ನುವ ನಂಬಿಕೆ. ಕಾನೂನಿಗೆ ತಲೆಬಾಗುವ ಮರ್ಯಾದಸ್ಥರನ್ನು ಹಿಡಿಯುವುದು ಎಷ್ಟು ಸುಲಭ ಅಂತ ಓದುತ್ತಾ ನನಗೆ ಹೊಟ್ಟೆ ಹಿಂಡಿತು.

ಆದರೂ ನೀಸ್ ಸ್ವಲ್ಪ ಕಾಲ ಸುರಕ್ಷಿತವಾಗಿತ್ತು. ಅದಕ್ಕೆ ಕಾರಣ ಇಟಲಿಯವರು! ಆ ಭಾಗ ಇಟಲಿ ಸೈನ್ಯದ ಕೈಯಲ್ಲಿತ್ತು. ಮುಸೊಲಿನಿಯ ಸೈನ್ಯವಾದರೂ ಯಹೂದಿಗಳನ್ನು ಜರ್ಮನರಿಗೆ ಒಪ್ಪಿಸಲು ಅದು ಒಪ್ಪಲಿಲ್ಲ. ಎಲ್ಲೆಲ್ಲಿಂದಲೋ ಯಹೂದಿಗಳು ನೀಸ್‌ಗೆ ಓಡಿಬಂದರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಯುದ್ಧದಿಂದ ಹಿಂದೆ ಸರಿಯಿತು. ಮರುದಿನಗಳಲ್ಲೇ ಜರ್ಮನರು ಬಂದಿಳಿದರು. ಅಲೋಯಿಸ್ ಬ್ರುನರ್ ಅಂತ, ಎಸ್‌ಎಸ್ ಅನ್ನುವ ನಾಜಿ ಪಡೆಯ ಅಧಿಕಾರಿ ರೈಲ್ವೆ ಸ್ಟೇಷನ್ ಹತ್ತಿರದ ಎಕ್ಸೆಲ್ಸಿಯರ್ ಹೋಟೆಲಿನಲ್ಲಿ ಕೂತು ಬೇಟೆ ಶುರು ಮಾಡಿದ.

ಜಾಕೋಬ್ ಮನೆಯವರು ಸುಳ್ಳು ಗುರುತಿನ ಚೀಟಿ ಮಾಡಿಸಿ ಬೇರೆ ಬೇರೆ ಮನೆಗಳಲ್ಲಿ ಉಳಿದುಕೊಂಡರು. ಸಿಮೋನ್‌ಳನ್ನು ಅವಳ ಟೀಚರ್ ಒಬ್ಬರು ಮನೆಯಲ್ಲಿಟ್ಟುಕೊಂಡರು. ಶಾಲೆಗೆ ಬರಬೇಡ, ನಿನಗೂ ಅಪಾಯ ಅಂದಿದ್ದರಿಂದ ಮನೆಯಲ್ಲೇ ಓದಿದಳು. 1944ರ ಮಾರ್ಚ್ ಕೊನೆಯಲ್ಲಿ ಬಾಕಲೋರಿಯಾ ಪರೀಕ್ಷೆ ಬರೆದಳು, ನಮ್ಮ ಪಿಯುಸಿ ಇದ್ದ ಹಾಗೆ. ಬರೆದದ್ದು ನಿಜವಾದ ಹೆಸರಿನಲ್ಲೇ. ಜೇಬಿನಲ್ಲಿ ಸುಳ್ಳು ಹೆಸರಿನ ಚೀಟಿ, ಉತ್ತರ ಪತ್ರಿಕೆ ಮೇಲೆ ನಿಜವಾದ ಹೆಸರು. ಹದಿನಾರು ವರ್ಷದ ಹುಡುಗಿ, ಅಷ್ಟು ಓದಿ ಬರೆದ ಪರೀಕ್ಷೆ ಬೇರೆಯವರ ಹೆಸರಿಗೆ ಹೋಗಲಿ ಅಂತ ಹೇಗೆ ಬಿಟ್ಟಾಳು?

ಪರೀಕ್ಷೆ ಮುಗಿಯಿತು ಅಂತ ಮಾರ್ಚ್ 30ರಂದು ಗೆಳೆಯರ ಜೊತೆ ಹೊರಗೆ ಬಂದಳು. ಮಫ್ತಿಯಲ್ಲಿದ್ದ ಇಬ್ಬರು ಜರ್ಮನರು ತಡೆದು ಚೀಟಿ ಕೇಳಿದರು. ಸುಳ್ಳು ಚೀಟಿ ಅಂತ ನೋಡಿದ ತಕ್ಷಣ ಗೊತ್ತಾಯಿತು. ಹೋಟೆಲಿಗೆ ಎಳೆದೊಯ್ದರು. ಯಹೂದಿಯಲ್ಲದ ಗೆಳೆಯನನ್ನು ಬಿಟ್ಟರು. ಮನೆಯವರಿಗೆ ಎಚ್ಚರ ಹೇಳು ಅಂತ ಸಿಮೋನ್ ಅವನ ಕಿವಿಯಲ್ಲಿ ಹೇಳಿ ಕಳಿಸಿದಳು. ಅವನು ಓಡಿದ. ಹಿಂದೆಯೇ ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸರು, ಬರುತ್ತಿರುವುದು ಅವನಿಗೆ ತಿಳಿಯಲಿಲ್ಲ. ಉಳಿಸಲು ಕಳಿಸಿದ ಸುದ್ದಿಯೇ ದಾರಿ ತೋರಿಸಿತು. ಅವತ್ತೇ ತಾಯಿ, ಮಿಲು, ಝಾನ್ ಸಿಕ್ಕಿಬಿದ್ದರು. ಕೆಲವು ದಿನಗಳಲ್ಲಿ ತಂದೆಯೂ.

ಈ ಒಂದು ಪ್ಯಾರಾ ಹೊತ್ತುಕೊಂಡು ಯಾರಾದರೂ ತೊಂಬತ್ತರ ಹತ್ತಿರದವರೆಗೂ ಹೇಗೆ ಬದುಕುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪ್ಯಾರಿಸ್ ಹೊರವಲಯದ ದ್ರಾನ್ಸಿ ಶಿಬಿರ. ಅಲ್ಲಿಂದ ಏಪ್ರಿಲ್ 13ರಂದು 71ನೇ ಸಂಖ್ಯೆಯ ರೈಲು. ದನ ಸಾಗಿಸುವ ಬೋಗಿಗಳಲ್ಲಿ ಹತ್ತಿರ ಹತ್ತಿರ 1,500 ಜನ. ಅದೇ ರೈಲಿನಲ್ಲಿ ಇಝ್ಯೂ ಹಳ್ಳಿಯ ಮಕ್ಕಳ ಆಶ್ರಮದಿಂದ ಹಿಡಿದು ತಂದಿದ್ದ 34 ಮಕ್ಕಳೂ ಇದ್ದರು. ಒಬ್ಬರೂ ಉಳಿಯಲಿಲ್ಲ. ಮೊದಲು ಹೇಳಿದ ಮಾರ್ಸಲೀನ್ ಕೂಡ ಅದೇ ರೈಲಿನಲ್ಲಿದ್ದಳು. ಅವಳು ಸಿಮೋನ್‌ಗಿಂತ ಎಂಟು ತಿಂಗಳು ಚಿಕ್ಕವಳು.

ಏಪ್ರಿಲ್ 15ರ ರಾತ್ರಿ ಆಶ್ವಿಟ್ಜ್-ಬಿರ್ಕೆನೌ. ನಾಯಿಗಳು, ಕಣ್ಣು ಕುಕ್ಕುವ ದೀಪಗಳು. ಕತ್ತಲಲ್ಲಿ ಯಾರೋ ಒಬ್ಬ ಕೈದಿ ಫ್ರೆಂಚಿನಲ್ಲಿ ಪಿಸುಗುಟ್ಟಿದ: ವಯಸ್ಸು ಕೇಳಿದರೆ ಹದಿನೆಂಟು ಅನ್ನು. ಸಿಮೋನ್ ಹದಿನೆಂಟು ಅಂದಳು. ಆ ಒಂದು ಸುಳ್ಳಿನಿಂದ ಅವಳು ಕೆಲಸಕ್ಕೆ ಬರುವವರ ಸಾಲಿಗೆ ಸೇರಿದಳು. ಇನ್ನೊಂದು ಸಾಲು ನೇರ ಗ್ಯಾಸ್ ಚೇಂಬರಿಗೆ.

ಆ ರಾತ್ರಿಯ ಒಂದು ಸಂಗತಿ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಎಲ್ಲರನ್ನೂ ಒಂದು ದೊಡ್ಡ ಕೋಣೆಗೆ ತುಂಬಿದ್ದರು. ಇದ್ದಬದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು. ನೀಸ್‌ನಿಂದ ಜೊತೆಗೆ ಬಂದಿದ್ದ ಒಬ್ಬ ಹುಡುಗಿಯ ಹತ್ತಿರ ಲಾನ್ವಾ ಕಂಪನಿಯ ಸೆಂಟಿನ ಪುಟ್ಟ ಬಾಟಲಿ ಉಳಿದಿತ್ತು. ಹೇಗೂ ಕಿತ್ತುಕೊಳ್ಳುತ್ತಾರೆ, ಅವರಿಗೆ ಮಾತ್ರ ಕೊಡಲ್ಲ ಅಂದಳು ಅವಳು. ಮೂರ್ನಾಲ್ಕು ಹುಡುಗಿಯರು ಸೇರಿ ಇಡೀ ಬಾಟಲಿ ಮೈಮೇಲೆ ಸುರಿದುಕೊಂಡರು. ಹೊರಗೆ ಚಿಮಣಿಯ ಹೊಗೆ. ಒಳಗೆ ನಾಲ್ಕು ಹುಡುಗಿಯರು ಮದುವೆ ಮನೆಗೆ ಹೊರಟವರ ಹಾಗೆ ಘಮಘಮ. ಹುಡುಗಿಯರಾಗಿ ನಾವು ಮಾಡಿದ ಕೊನೆಯ ಒನಪು ಅದು ಅನ್ನುವ ಅರ್ಥದಲ್ಲಿ ಸಿಮೋನ್ ಮುಂದೆ ಬರೆದುಕೊಂಡಿದ್ದಾರೆ.

ಆಮೇಲೆ ಎಡಗೈಗೆ ಹಚ್ಚೆ ಚುಚ್ಚಿದರು: 78651. ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಮದುವೆಮನೆಯಲ್ಲಿ ಕಳೆದುಹೋಗಬಾರದು, ನಮ್ಮ ಮನೆಗೇ ವಾಪಸು ಬರಬೇಕು ಅಂತ. ಇದು ಅದರ ತಿರುಗಾಮುರುಗ. ಹೆಸರು ತೆಗೆದು ನಂಬರ್ ಹಾಕಿದ್ದು ಇವರು ಯಾರ ಮನೆಗೂ ವಾಪಸು ಹೋಗಬಾರದು ಅಂತ. ಅದು ಚುಚ್ಚಿದ ಕ್ಷಣವೇ ಅವಳಿಗೂ ಹಾಗೆ ಅರ್ಥವಾಯಿತಂತೆ.

ಕೆಲಸ ಅಂದರೆ ಕಲ್ಲು ಹೊರುವುದು, ರೈಲಿನ ಹಳಿಯ ಹತ್ತಿರ ನೆಲ ಅಗೆಯುವುದು. ಹಂಗೆರಿಯಿಂದ ಬರಲಿದ್ದವರಿಗಾಗಿ ಹಳಿಗಳನ್ನು ಶಿಬಿರದ ಒಳಕ್ಕೇ ತರುತ್ತಿದ್ದರು. ಆ ಬೇಸಿಗೆಯಲ್ಲಿ ಎರಡು ತಿಂಗಳೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಹಂಗೆರಿಯ ಯಹೂದಿಗಳನ್ನು ಅಲ್ಲಿಗೆ ತಂದರು. ಸಿಮೋನ್ ಇದ್ದ ಬ್ಯಾರಕ್ಕಿನಿಂದ ರೈಲು ಬರುವುದು, ಜನ ಇಳಿಯುವುದು, ನಡೆದು ಹೋಗುವುದು ಎಲ್ಲಾ ಕಾಣುತ್ತಿತ್ತು.

ಮುಂದಿನದು ಸ್ಟೇನಿಯಾ ಕತೆ. ಇದನ್ನು ಯಾವ ಖಾನೆಗೆ ಹಾಕಬೇಕೋ ನನಗೆ ಗೊತ್ತಾಗುವುದಿಲ್ಲ. ಸ್ಟೇನಿಯಾ ಪೋಲೆಂಡಿನವಳು, ಹಿಂದೆ ಮೈ ಮಾರಿಕೊಂಡು ಬದುಕುತ್ತಿದ್ದವಳು, ಶಿಬಿರದಲ್ಲಿ ಕೈದಿಗಳ ಮೇಲೆ ಮೇಸ್ತ್ರಿ. ಬೇರೆಯವರಿಗೆ ಹೊಡೆದು ಬಡಿದು ಮಾಡುತ್ತಿದ್ದಳು. ಒಂದು ದಿನ ಸಿಮೋನ್‌ಳನ್ನು ನೋಡಿ, ಇಷ್ಟು ಚೆಂದ ಇದ್ದೀಯ, ಇಲ್ಲಿ ಸಾಯೋದು ಬೇಡ, ಬೇರೆ ಕಡೆ ಕಳಿಸ್ತೀನಿ ಅಂದಳು. ಸಿಮೋನ್ ಹೇಳಿದ್ದು: ಅಮ್ಮ ಇದ್ದಾಳೆ, ಅಕ್ಕ ಇದ್ದಾಳೆ, ಅವರನ್ನು ಬಿಟ್ಟು ಹೋಗಲ್ಲ. ಸ್ಟೇನಿಯಾ ಒಪ್ಪಿದಳು. ಮೂವರನ್ನೂ 1944ರ ಜುಲೈಯಲ್ಲಿ ಬೋಬ್ರೆಕ್ ಅನ್ನುವ ಚಿಕ್ಕ ಶಿಬಿರಕ್ಕೆ ಕಳಿಸಿದರು. ಸೀಮೆನ್ಸ್ ಕಂಪನಿಗೆ ದುಡಿಯುವ ಶಿಬಿರ ಅದು. ಬಿರ್ಕೆನೌಗೆ ಹೋಲಿಸಿದರೆ ಉಸಿರಾಡಬಹುದಾದ ಜಾಗ. ಪ್ರತಿಯಾಗಿ ಸ್ಟೇನಿಯಾ ಏನೂ ಕೇಳಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವಳನ್ನು ಗಲ್ಲಿಗೇರಿಸಿದರು ಅಂತ ಸಿಮೋನ್ ಬರೆಯುತ್ತಾರೆ. ಎಷ್ಟೋ ಜನರನ್ನು ಹಿಂಸಿಸಿದ ಕೈಯೇ ಇವರ ಜೀವ ಉಳಿಸಿತು. ಅದನ್ನು ಸಿಮೋನ್ ಸಿಹಿಯಾಗಿಯೂ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ.

1945ರ ಜನವರಿ 18. ರಷ್ಯನ್ ಸೈನ್ಯ ಹತ್ತಿರ ಬರುತ್ತಿದೆ ಅಂತ ಕೈದಿಗಳನ್ನು ಹಿಮದಲ್ಲಿ ನಡೆಸಿಕೊಂಡು ಹೊರಟರು. ಗ್ಲೈವಿಟ್ಸ್‌ವರೆಗೆ ನಡಿಗೆ. ಬಿದ್ದವರಿಗೆ ಗುಂಡು. ಅಲ್ಲಿಂದ ಮೇಲೆ ಸೂರಿಲ್ಲದ ಬೋಗಿಗಳಲ್ಲಿ ಹಲವು ದಿನ. ತಿನ್ನಲು ಇಲ್ಲ, ಕುಡಿಯಲು ಹಿಮ. ಕೊನೆಗೆ ಬೆರ್ಗೆನ್-ಬೆಲ್ಸೆನ್. ಅಲ್ಲಿ ಮತ್ತೆ ಸ್ಟೇನಿಯಾ ಸಿಕ್ಕಳು, ಸಿಮೋನ್‌ಗೆ ಎಸ್‌ಎಸ್ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದಳು. ಹಾಗಾಗಿ ಒಂದಿಷ್ಟು ಆಹಾರ ಕದ್ದು ತರಲು ಆಗುತ್ತಿತ್ತು. ಆದರೆ ತಾಯಿಗೆ ಟೈಫಸ್ ಜ್ವರ ಹಿಡಿದಿತ್ತು. ಮಾರ್ಚ್ ತಿಂಗಳ ಒಂದು ಸಂಜೆ ಸಿಮೋನ್ ಕೆಲಸ ಮುಗಿಸಿ ಬಂದಾಗ ತಾಯಿ ಹೋಗಿಬಿಟ್ಟಿದ್ದರು. ಕೊನೆ ಗಳಿಗೆಯಲ್ಲಿ ಹತ್ತಿರ ಇದ್ದದ್ದು ಮಿಲು. ಇನ್ನೊಂದು ತಿಂಗಳು ತಡೆದಿದ್ದರೆ ಬ್ರಿಟಿಷ್ ಸೈನ್ಯ ಬರುತ್ತಿತ್ತು. ಏಪ್ರಿಲ್ 15ಕ್ಕೆ ಬಂತು.

ತಂದೆ ಮತ್ತು ಅಣ್ಣನನ್ನು ಬರೀ ಗಂಡಸರಿದ್ದ 73ನೇ ರೈಲಿನಲ್ಲಿ ಲಿಥುವೇನಿಯಾ, ಎಸ್ಟೋನಿಯಾ ಕಡೆಗೆ ಒಯ್ದಿದ್ದರು. 878 ಜನರಲ್ಲಿ ಮರಳಿದವರು ಇಪ್ಪತ್ತು ಚಿಲ್ಲರೆ. ಅವರಿಬ್ಬರೂ ಆ ಚಿಲ್ಲರೆಯಲ್ಲಿ ಇರಲಿಲ್ಲ. ಎಲ್ಲಿ, ಹೇಗೆ ಸತ್ತರು ಅಂತ ಮಕ್ಕಳಿಗೆ ಕೊನೆಗೂ ತಿಳಿಯಲಿಲ್ಲ.

ಬಿಡುಗಡೆಯಾದ ಮೇಲೂ ಒಂದು ತಿಂಗಳಿಗಿಂತ ಜಾಸ್ತಿ ಅಲ್ಲೇ. 1945ರ ಮೇ 23ಕ್ಕೆ ಇಬ್ಬರು ಅಕ್ಕತಂಗಿಯರು ಪ್ಯಾರಿಸ್ ಮುಟ್ಟಿದರು. ಮಿಲುಗೂ ಟೈಫಸ್, ಬದುಕುತ್ತಾಳೋ ಇಲ್ಲವೋ ಅನ್ನುವ ಸ್ಥಿತಿ. ನೀಸ್‌ನಲ್ಲಿ ಮನೆ ಅಂತ ಉಳಿದಿರಲಿಲ್ಲ. ತಾಯಿಯ ಸೋದರಿಯ ಮನೆಗೆ ಹೋದರು. ಮೊದಮೊದಲು ಸಿಮೋನ್‌ಗೆ ಮಂಚದ ಮೇಲೆ ನಿದ್ದೆಯೇ ಬರಲಿಲ್ಲ, ನೆಲದ ಮೇಲೆ ಮಲಗುತ್ತಿದ್ದಳು. ಹಿಂದಿನ ವರ್ಷ ಬರೆದ ಪರೀಕ್ಷೆ ಪಾಸಾಗಿದೆ ಅಂತ ಗೊತ್ತಾದದ್ದೂ ಆಗಲೇ.

ಶಿಬಿರದಿಂದ ಬಂದವರು ಮಾತಾಡಲಿಲ್ಲ, ನೋವನ್ನು ನುಂಗಿಕೊಂಡರು ಅಂತ ನಾವು ಎಷ್ಟೋ ಕಡೆ ಓದಿರುತ್ತೇವೆ. ಸಿಮೋನ್ ವೇಯ್ ಜೀವನವಿಡೀ ಇದನ್ನು ಅಲ್ಲಗಳೆಯುತ್ತಾ ಬಂದರು. ನಾವು ಮಾತಾಡಲು ಸಿದ್ಧರಿದ್ದೆವು, ಕೇಳುವವರೇ ಇರಲಿಲ್ಲ ಅಂತ. ಎರಡು ವಾಕ್ಯ ಹೇಳುವಷ್ಟರಲ್ಲಿ ಎದುರಿಗಿದ್ದವರು ಮಾತು ತಿರುಗಿಸುತ್ತಿದ್ದರು. ಬದುಕಿ ಬಂದಿದ್ದಾರಲ್ಲ, ಅಂದಮೇಲೆ ಅಷ್ಟೇನೂ ಭಯಂಕರ ಇರಲಿಕ್ಕಿಲ್ಲ ಅನ್ನುವ ಮಾತೂ ಅವರ ಕಿವಿಗೆ ಬಿತ್ತು.

ಕೇಳಿದವರು ಕೇಳಿದ್ದಾದರೂ ಏನು? ಆ ಬೇಸಿಗೆಯಲ್ಲಿ ಸುಧಾರಿಸಿಕೊಳ್ಳಲಿ ಅಂತ ಸಿಮೋನ್‌ಳನ್ನು ಸ್ವಿಟ್ಜರ್ಲೆಂಡಿನ ನ್ಯೊನ್ ಊರಿಗೆ ಕಳಿಸಿದ್ದರು. ಅಲ್ಲಿನ ಒಳ್ಳೆಯ ಮನೆತನದ ಹೆಂಗಸರು, ಎಸ್‌ಎಸ್‌ನವರು ಹೆಂಗಸರ ಮೇಲೆ ನಾಯಿ ಬಿಟ್ಟು ಬಸಿರು ಮಾಡಿಸುತ್ತಿದ್ದರಂತೆ, ಹೌದಾ ಅಂತ ಕೇಳಿದರು. ತಾಯಿ ಸತ್ತು ನಾಲ್ಕೈದು ತಿಂಗಳಾಗಿದ್ದ ಹುಡುಗಿಯನ್ನು!

ಇದನ್ನು ಓದಿದ ರಾತ್ರಿ ನನಗೆ ನಮ್ಮ ಸೋದರಮಾವ ನೆನಪಾದರು. 1971ರ ಯುದ್ಧಕ್ಕೆ ಹೋಗಿ ಬಂದವರು. ಬೇಸಿಗೆ ರಜೆಗೆ ಊರಿಗೆ ಹೋದಾಗ ನಾವು ಮಕ್ಕಳೆಲ್ಲ ಮುತ್ತಿಕೊಂಡು, "ಮಾವ, ಎಷ್ಟು ಜನನ್ನ ಹೊಡೆದ್ರಿ?" ಅಂತ ಪೀಡಿಸುತ್ತಿದ್ದೆವು. "ಹೋಗ್ರೋ, ಹೋಗಿ ಆಡ್ಕೊಳ್ಳಿ" ಅನ್ನುತ್ತಿದ್ದರು. ಒಂದು ಸಲ ಮಾತ್ರ, ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸುತ್ತಾ, ತಾವಾಗಿಯೇ ಏನೋ ಶುರು ಮಾಡಿದರು. "ಅವನ ಹೆಸರು..." ಅಂದರು. ಅಷ್ಟರಲ್ಲಿ ಅತ್ತೆ ಒಳಗಿಂದ ಊಟಕ್ಕೆ ಕರೆದರು, ನಾವೆಲ್ಲ ಎದ್ದು ಓಡಿದೆವು. ಯಾರ ಹೆಸರು ಅಂತ ಆಮೇಲೆ ಯಾರೂ ಕೇಳಲಿಲ್ಲ. ಮಾವ ಈಗಿಲ್ಲ.

ಸಿಮೋನ್ ಮನೆಯಲ್ಲೇ ಇದಕ್ಕೊಂದು ವಿಚಿತ್ರ ತಿರುವಿತ್ತು. ಮನೆಯವರನ್ನು ಹಿಡಿದುಕೊಂಡು ಹೋದಾಗ ಅಕ್ಕ ಡನೀಸ್ ಅಲ್ಲಿರಲಿಲ್ಲ. ಲಿಯಾನ್ ಕಡೆ ಭೂಗತ ಹೋರಾಟಗಾರರ ಜೊತೆ ಇದ್ದಳು. 1944ರ ಜೂನಿನಲ್ಲಿ ಸಿಕ್ಕಿಬಿದ್ದು, ಚಿತ್ರಹಿಂಸೆ ಅನುಭವಿಸಿ, ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹೋಗಿ, ಅವಳೂ ಬದುಕಿ ಬಂದಳು. ಡನೀಸ್‌ಳನ್ನು ಜನ ಕರೆದು ಭಾಷಣ ಮಾಡಿಸಿದರು. ಅವಳು ವೀರೆ. ದೇಶಕ್ಕಾಗಿ ಹೋರಾಡಿದವಳು. ಮಿಲು ಮತ್ತು ಸಿಮೋನ್ ಏನು ಮಾಡಿದ್ದರು? ಏನೂ ಮಾಡಿರಲಿಲ್ಲ, ಹುಟ್ಟಿದ್ದರು ಅಷ್ಟೇ. ಒಂದೇ ಮನೆಯ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳ ಕತೆಗೆ ಸಭೆ, ಇಬ್ಬರ ಕತೆಗೆ ಕಿವಿ ಇಲ್ಲ. ಸಿಮೋನ್‌ಗೆ ಅಕ್ಕನ ಮೇಲೆ ಅಸೂಯೆ ಇರಲಿಲ್ಲ, ಆದರೆ ಆ ವ್ಯತ್ಯಾಸದ ನೋವು ಕೊನೆಯವರೆಗೂ ಹೋಗಲಿಲ್ಲ.

ಇದಕ್ಕೆ ಕಾರಣವೂ ಇತ್ತು. ಯುದ್ಧ ಮುಗಿದ ಫ್ರಾನ್ಸಿಗೆ ತಾನು ಹೋರಾಡಿದ ದೇಶ ಅನ್ನುವ ಕತೆ ಬೇಕಿತ್ತು. ಯಹೂದಿಗಳು ಬಾಯಿ ತೆರೆದರೆ ಆ ಕತೆ ಹಾಳಾಗುತ್ತಿತ್ತು. ಯಾಕೆಂದರೆ 1942ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಎರಡೇ ದಿನದಲ್ಲಿ ಸುಮಾರು 13,000 ಯಹೂದಿಗಳನ್ನು ಹಿಡಿದದ್ದು ಜರ್ಮನ್ ಸೈನಿಕರಲ್ಲ, ಫ್ರೆಂಚ್ ಪೊಲೀಸರು. ಇದರಲ್ಲಿ ಫ್ರೆಂಚ್ ರಾಜ್ಯದ ಹೊಣೆ ಇದೆ ಅಂತ ಒಬ್ಬ ರಾಷ್ಟ್ರಪತಿ, ಜಾಕ್ ಶಿರಾಕ್, ಒಪ್ಪಿಕೊಂಡದ್ದು 1995ರಲ್ಲಿ. ಐವತ್ಮೂರು ವರ್ಷ ಬೇಕಾಯಿತು.

1946ರಲ್ಲಿ ಸಿಮೋನ್ ಆಂತ್ವಾನ್ ವೇಯ್ ಅವರನ್ನು ಮದುವೆಯಾದರು. ಗಂಡನ ಕೆಲಸದ ಮೇಲೆ 1950ರ ಆಸುಪಾಸಿನಲ್ಲಿ ಹೋಗಿ ನೆಲೆಸಿದ್ದು ಜರ್ಮನಿಗೆ. ನೆಂಟರಿಷ್ಟರು ಹೌಹಾರಿದರು. ಅಲ್ಲಿ ಒಂದು ಪಾರ್ಟಿ. ತೋಳಿಲ್ಲದ ಉಡುಪು, ಹಚ್ಚೆ ಕಾಣುತ್ತಿತ್ತು. ಒಬ್ಬ ದೊಡ್ಡ ಅಧಿಕಾರಿ, ಜರ್ಮನ್ ಅಲ್ಲ, ಫ್ರೆಂಚರವನೇ, ನಗುತ್ತಾ ಕೇಳಿದ: ಇದೇನು, ಕೋಟು ಬಿಟ್ಟುಬರುವ ಕೋಣೆಯ ಟೋಕನ್ ನಂಬರಾ? ಸಿಮೋನ್ ಅತ್ತುಬಿಟ್ಟರು. ಆಮೇಲೆ ಕೆಲವು ವರ್ಷ ಉದ್ದ ತೋಳಿನ ಬಟ್ಟೆಯನ್ನೇ ಹೆಚ್ಚಾಗಿ ಹಾಕುತ್ತಿದ್ದರು.

ಮಾತಾಡಲು ಇದ್ದವಳು ಒಬ್ಬಳೇ, ಮಿಲು. ಅಮ್ಮನ ಬಗ್ಗೆ, ಬೋಬ್ರೆಕ್ ಬಗ್ಗೆ, ವಿವರಿಸದೇ ಅರ್ಥವಾಗುವ ಒಂದೇ ಜೀವ. 1952ರಲ್ಲಿ ಮಿಲು ತಂಗಿಯನ್ನು ನೋಡಲು ಜರ್ಮನಿಗೆ ಬಂದಿದ್ದಳು. ವಾಪಸು ಹೋಗುವಾಗ ಕಾರು ಅಪಘಾತ. ಮಿಲು ಹೋದಳು, ಅವಳ ಪುಟ್ಟ ಮಗುವೂ ಉಳಿಯಲಿಲ್ಲ. ಆಶ್ವಿಟ್ಜ್, ಹಿಮದ ನಡಿಗೆ, ಟೈಫಸ್ ಎಲ್ಲ ದಾಟಿ ಬಂದವಳು.

ಮುಂದಿನದೆಲ್ಲ ಹೊರಗಿನ ಜಗತ್ತಿಗೆ ಗೊತ್ತಿರುವ ಜೀವನ, ಬೇಗ ಹೇಳಿಬಿಡುತ್ತೇನೆ. ಕಾನೂನು ಓದಿದರು. ವಕೀಲಿಕೆ ಗಂಡನಿಗೆ ಇಷ್ಟವಿರಲಿಲ್ಲ. ತಾಯಿಯ ಮಾತು ನೆನಪಿತ್ತಲ್ಲ, ಬಿಡಲಿಲ್ಲ, ನ್ಯಾಯಾಂಗ ಸೇವೆಗೆ ಸೇರಿದರು. 1957ರಿಂದ ಏಳು ವರ್ಷ ಜೈಲು ಆಡಳಿತದಲ್ಲಿ ಕೆಲಸ. ಅಲ್ಜೀರಿಯಾದ ಯುದ್ಧ ನಡೆಯುತ್ತಿದ್ದ ಕಾಲ. ಅಲ್ಲಿನ ಜೈಲುಗಳಲ್ಲಿ ಹಿಂಸೆಗೆ ಈಡಾಗಬಹುದಾಗಿದ್ದ ಅಲ್ಜೀರಿಯನ್ ಹೆಂಗಸರನ್ನು ಫ್ರಾನ್ಸಿನ ಜೈಲುಗಳಿಗೆ ಕರೆಸಿಕೊಂಡರು. ಅವರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಕೆಲಸ ಇದು. ಇದಕ್ಕೆ ಚಪ್ಪಾಳೆ ತಟ್ಟುವವರು ಅವತ್ತು ಯಾರೂ ಇರಲಿಲ್ಲ.

1974ರಲ್ಲಿ ಆರೋಗ್ಯ ಸಚಿವೆ. ನವೆಂಬರ್ 26ರಂದು ಗರ್ಭಪಾತವನ್ನು ಕಾನೂನುಬದ್ಧ ಮಾಡುವ ಮಸೂದೆ ಮಂಡಿಸಿದರು. 490 ಸದಸ್ಯರ ಸಭೆಯಲ್ಲಿ ಹೆಂಗಸರು 9 ಜನ. ಒಬ್ಬ ಸದಸ್ಯ ಎದ್ದು, ಭ್ರೂಣಗಳನ್ನು ಹೆಣ ಸುಡುವ ಒಲೆಗೆ ಹಾಕುವ ಮಾತಾಡಿದ. ಯಾರ ಮುಂದೆ! ಅವರ ಮನೆಯ ಬಾಗಿಲ ಬಳಿ, ಕಾರಿನ ಮೇಲೆ ನಾಜಿ ಗುರುತು ಬರೆದು ಹೋದರು. ಮಸೂದೆ 284ಕ್ಕೆ 189ರಲ್ಲಿ ಪಾಸಾಯಿತು. ಸಭೆಯಲ್ಲಿ ಅವರು ಮುಖ ಮುಚ್ಚಿಕೊಂಡ ಒಂದು ಫೋಟೋ ಇದೆ. ಅತ್ತರು ಅಂತ ಎಲ್ಲರೂ ಬರೆದರು. ಅತ್ತಿರಲಿಲ್ಲ, ಸುಸ್ತಾಗಿತ್ತು ಅಷ್ಟೇ ಅಂತ ಅವರು ಹೇಳುತ್ತಲೇ ಇದ್ದರು. ಇಲ್ಲೂ ಯಾರೂ ಕೇಳಿಸಿಕೊಳ್ಳಲಿಲ್ಲ! 1979ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿನ ಅಧ್ಯಕ್ಷೆ. ಆ ಚುನಾವಣೆಯ ಒಂದು ಸಭೆಗೆ ಬಲಪಂಥೀಯ ಪುಂಡರು ನುಗ್ಗಿದಾಗ, ನಿಮಗಿಂತ ಕೆಟ್ಟವರನ್ನು ನೋಡಿ ಬದುಕಿದವಳು ನಾನು ಅಂತ ವೇದಿಕೆಯಿಂದಲೇ ಗದರಿದರು.

ಅವರನ್ನು ದೇವಿ ಮಾಡಿ ಕೂರಿಸಲು ನನಗೆ ಇಷ್ಟವಿಲ್ಲ. ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಯುದ್ಧಕಾಲದಲ್ಲಿ ಫ್ರೆಂಚರು ಜರ್ಮನರ ಜೊತೆ ಹೇಗೆ ಹೊಂದಿಕೊಂಡಿದ್ದರು ಅಂತ ತೋರಿಸುವ ಒಂದು ಸಾಕ್ಷ್ಯಚಿತ್ರ ಎಪ್ಪತ್ತರ ದಶಕದಲ್ಲಿ ಬಂತು. ಸರ್ಕಾರಿ ಟಿವಿಯ ಮಂಡಳಿಯಲ್ಲಿದ್ದ ಇವರು ಅದನ್ನು ತೋರಿಸುವುದಕ್ಕೆ ವಿರೋಧವಾಗಿದ್ದರು. ಅವರ ವಾದ ಹೀಗೆ: ಫ್ರಾನ್ಸಿನಿಂದ 76,000 ಯಹೂದಿಗಳನ್ನು ಸಾಗಿಸಿದರು ನಿಜ, ಆದರೆ ಮುಕ್ಕಾಲು ಪಾಲು ಯಹೂದಿಗಳು ಉಳಿದರಲ್ಲ. ನನ್ನನ್ನು ಮನೆಯಲ್ಲಿಟ್ಟುಕೊಂಡ ಟೀಚರ್ ತರದವರಿಂದ ಉಳಿದರು. ಎಲ್ಲರೂ ಹೇಡಿಗಳು ಅನ್ನುವುದು ಅನ್ಯಾಯ. ವಾದದಲ್ಲಿ ಸತ್ಯವಿದೆ. ಆದರೂ, ಕೇಳುವವರಿಲ್ಲ ಅಂತ ನೊಂದವರೇ ಇನ್ನೊಬ್ಬರ ಮಾತಿಗೆ ಅಡ್ಡ ನಿಂತದ್ದು ನನಗೆ ಸರಿ ಕಾಣಲಿಲ್ಲ. ಸಹೋದ್ಯೋಗಿ ಹತ್ತಿರ ಇದನ್ನೂ ಹೇಳಿದೆ. ನೀನು ಆಕೆಯ ಜಾಗದಲ್ಲಿ ಇರಲಿಲ್ಲ ಅಂದಳು. ಅದೂ ನಿಜ.

ಫ್ರಾನ್ಸ್ ಬಿಡುವ ಮುಂಚೆ ಪ್ಯಾರಿಸ್ಸಿನ ಶೋವಾ ಸ್ಮಾರಕಕ್ಕೆ ಹೋಗಿದ್ದೆ. ಶೋವಾ ಅಂದರೆ ನಾಜಿಗಳು ಮಾಡಿದ ಯಹೂದಿಗಳ ಸಾಮೂಹಿಕ ಹತ್ಯೆ. ಒಳಗೆ ಹೋಗುತ್ತಿದ್ದಂತೆ ಕಲ್ಲಿನ ಗೋಡೆಗಳು. ಫ್ರಾನ್ಸಿನಿಂದ ಶಿಬಿರಗಳಿಗೆ ಒಯ್ಯಲ್ಪಟ್ಟ ಯಹೂದಿಗಳೆಲ್ಲರ ಹೆಸರು, ಹುಟ್ಟಿದ ವರ್ಷ, ಸಾಲು ಸಾಲಾಗಿ ಕೊರೆದಿದ್ದಾರೆ. ಹಿಂದಿರುಗಿದವರು ಸುಮಾರು 2,500 ಮಾತ್ರ, ಅವರ ಹೆಸರೂ ಇದರಲ್ಲೇ. 1944ರ ಗೋಡೆಯಲ್ಲಿ ಜಾಕೋಬ್‌ಗಳನ್ನು ಹುಡುಕಿದೆ. ಸಿಮೋನ್, 1927. ಸಚಿವೆ ಅಂತ ಇಲ್ಲ, ವೇಯ್ ಅಂತಲೂ ಇಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ ಬೇರೆ ಯಾವುದೋ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದರು. ನಾನು ದಾರಿ ಬಿಟ್ಟು ಸರಿದೆ.

2010ರಲ್ಲಿ ಫ್ರೆಂಚ್ ಭಾಷೆಯ ಹಿರಿಯ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ಸೇರಿದಾಗ ಪದ್ಧತಿಯಂತೆ ಅವರಿಗೂ ಒಂದು ಕತ್ತಿ ಮಾಡಿಸಿದರು. ಆ ಕತ್ತಿಯ ಮೇಲೆ 78651 ಅಂತ ಕೊರೆಸಿದ್ದಾರೆ. ಉದ್ದ ತೋಳಿನಲ್ಲಿ ಮುಚ್ಚಿಡುತ್ತಿದ್ದ ಅದೇ ನಂಬರು. 2017ರ ಜೂನ್ 30ರಂದು ತೀರಿಕೊಂಡರು. ಮರುವರ್ಷ ದೇಶದ ಮಹನೀಯರನ್ನು ಇರಿಸುವ ಪ್ಯಾಂಥಿಯನ್ನಿಗೆ ಗಂಡನ ಜೊತೆ ಅವರನ್ನು ಒಯ್ದರು. ಅದನ್ನೆಲ್ಲ ಟಿವಿಯಲ್ಲಿ ತೋರಿಸಿದರು, ಯೂಟ್ಯೂಬಿನಲ್ಲಿ ಸಿಗುತ್ತದೆ.

ನಾನು ಮತ್ತೆ ಮತ್ತೆ ನೋಡುವುದು ಬೇರೆ ಒಂದು ತುಣುಕು. ಅವರ ಬಗ್ಗೆ ತೆಗೆದ ಒಂದು ಸಾಕ್ಷ್ಯಚಿತ್ರದಲ್ಲಿದೆ. ಸಿಮೋನ್ ಮತ್ತು ಮಾರ್ಸಲೀನ್ ಇಬ್ಬರೂ ಎಪ್ಪತ್ತು ದಾಟಿದವರು, ಒಂದೇ ಮಂಚದ ಮೇಲೆ ಒರಗಿಕೊಂಡು ಹರಟುತ್ತಿದ್ದಾರೆ. ಒಬ್ಬರದು ಅಚ್ಚುಕಟ್ಟಾದ ತುರುಬು, ಇನ್ನೊಬ್ಬರದು ಕೆದರಿದ ಕೆಂಪು ಕೂದಲು. ಶಿಬಿರದ ವಿಷಯವೇ. ಆದರೆ ಹಾಸ್ಟೆಲಿನಲ್ಲಿ ಒಟ್ಟಿಗಿದ್ದವರು ವಾರ್ಡನ್ ಬಗ್ಗೆ ಮಾತಾಡುವ ಹಾಗೆ, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು. ಯಾರಿಗೂ ಏನನ್ನೂ ವಿವರಿಸುತ್ತಿಲ್ಲ. ಕ್ಯಾಮೆರಾ ಕಡೆ ಲಕ್ಷ್ಯವೇ ಇಲ್ಲ.